ಬಳಿದ ಜಂಗು

ಅಜೀಮ್,

ಇದೊಂದನ್ನು ಹೇಳದೇ ಬಿಡುವವಳಿದ್ದೆ: ನಿಮ್ಮ ಮಾದರಿ ರೈಲಿನ ಡಬ್ಬಿಗಳ ಮೇಲಿನ ಜಂಗನ್ನು, ಆ ತುಕ್ಕಿನ ಬಣ್ಣವನ್ನು, ಥಿನ್ನರ್ ಹಚ್ಚಿ ಒರೆಸಿದವಳು ನಾನೇ.

ತಲಾಖ್ ಆದ ಮೇಲೆ ಮೊದಲ ಸಲ ನಿಮ್ಮ ತಮ್ಮ ಆಸೀಮ್ ಇಂದು ಅವನ್ನು ಒಯ್ಯಲು ಮಸ್ಕಿಗೆ ಬಂದಿದ್ದ.

"ಭಾಬಿ, ತೊಳದ್ರೇನ್ರೀ? ಈಗ ನೋಡ್ರಿ, ಹೊಸಾವಿದ್ದಂಗ ಕಾಣಾಕತ್ತಾವ!" ಎಂದು ಖುಷಿಪಟ್ಟ.

ಆ ಜಂಗು, ಎಣ್ಣೆಕಲೆ, ಭತ್ತದ ಧೂಳು ಎಲ್ಲವನ್ನೂ, ಡಬ್ಬಿಗಳು ನಿಜವಾದ ಗೂಡ್ಸ್ ರೈಲಿನವಂತೆ ಕಾಣಲೆಂದು, ಆರು ವರ್ಷ ಸಣ್ಣ ಕುಂಚದಿಂದ ಬಳಿದವಳು ನಾನು. ಲಿಂಗಸುಗೂರಿನ ಪ್ರದರ್ಶನದಲ್ಲಿ ಜನ ಬೆರಗಾದಾಗ "ಎಲ್ಲಾ ನನ್ನ ಕೈಕೆಲಸ" ಎಂದವರು ನೀವು. ನಾನು ಪಕ್ಕದಲ್ಲೇ ನಿಂತು ಚಹಾ ಕೊಡುತ್ತಿದ್ದೆ.

ನಿಮ್ಮನ್ನು ಶಿಕ್ಷಿಸಿದೆನೋ, ನನ್ನ ಕೆಲಸವನ್ನೇ ಅಳಿಸಿಕೊಂಡೆನೋ ತಿಳಿಯುತ್ತಿಲ್ಲ. ಒಂದು ಡಬ್ಬಿಯನ್ನು ಮಾತ್ರ ಒರೆಸಲಾಗಲಿಲ್ಲ. ಅದನ್ನು ಆಸೀಮ್‌ಗೆ ಕೊಡಲೂ ಇಲ್ಲ.

ಹಳಿಯೇ ಇಲ್ಲದ ಈ ಮಸ್ಕಿಗೆ ಮೊದಲ ರೈಲು ಬಂದ ದಿನ ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ.

ಕೌಸರ್