ಉಜ್ಜದೆ ಉಳಿದ ಐದನೇ ನಾಣ್ಯ

ಅಮ್ಮಾ,

ಅಪ್ಪ ಬಿಟ್ಟುಹೋದ ಬೆಳ್ಳಿ ನಾಣ್ಯಗಳಲ್ಲಿ ಕಪ್ಪಗಿರೋದು ಊಟದ ಮೇಜಿನ ಮೇಲಿದೆ. ದಮ್ಮಯ್ಯ, ಅದನ್ನ ಉಜ್ಜಬೇಡ. ನೀನು ತಂದಿಟ್ಟ ಹೊಸ ಹಲ್ಲುಪುಡಿ ಡಬ್ಬಿ ಹುಡುಕಲೂಬೇಡ, ಬಚ್ಚಿಟ್ಟಿದ್ದೀನಿ.

"ಕಪ್ಪು ಹಿಡಿದದ್ದನ್ನ ಅಂಗಡಿಯೋರ ಮುಂದೆ ಇಟ್ರೆ ಮಾನ ಹೋಗುತ್ತೆ" ಅಂದೆ ನೀನು. ನಾನೂ ನಿನ್ನೆ ಕೂತು ನಾಲ್ಕು ನಾಣ್ಯ ಫಳಫಳ ಅನ್ನೋ ಹಾಗೆ ತಿಕ್ಕಿದೆ. ಪುಡಿ ಮುಗಿದು ಐದನೇದು ಹಾಗೇ ಉಳೀತು. ಇವತ್ತು ಬೆಳಗ್ಗೆ ಹಳೇ ನಾಣ್ಯದಂಗಡಿಯ ಮುದುಕರು ಹೊಳೆಯೋ ನಾಲ್ಕನ್ನೂ ಪಕ್ಕಕ್ಕೆ ಸರಿಸಿ, "ಯಾರಮ್ಮ ಇವುಗಳ ಚರ್ಮ ಸುಲಿದೋರು?" ಅಂದ್ರು. ಕಪ್ಪು ನಾಣ್ಯವನ್ನ ಮಾತ್ರ ಅಂಚಲ್ಲಿ ಹಿಡಿದು ನೋಡಿದ್ದೇ ನೋಡಿದ್ದು. ಆ ಕಪ್ಪು ವರ್ಷಾನುಗಟ್ಟಲೆ ತಾನಾಗೇ ಕೂತಿದ್ದಂತೆ, ಅದಿದ್ರೇನೇ ನಾಣ್ಯಕ್ಕೆ ಮರ್ಯಾದೆಯಂತೆ. ಹಾಗಾದ್ರೆ ಚಿಕ್ಕಂದಿನಿಂದ ನನ್ನ ಕೈಲಿ ತಿಕ್ಕಿಸಿದ ಬೆಳ್ಳಿ ಲೋಟಗಳ ಕತೆ ಏನಮ್ಮ? ನನಗಂತೂ ತಲೆಬುಡ ಗೊತ್ತಾಗ್ತಿಲ್ಲ.

ಮನೆಗೆ ಬಂದು ನಿನ್ನ ಪೇಪರ್ ಓದೋ ಭೂತಗನ್ನಡಿಯಲ್ಲಿ ನಾನೂ ನೋಡಿದೆ. ಆ ಕಪ್ಪಿನೊಳಗೆ ಒಂದು ಹೆಬ್ಬೆರಳ ಗುರುತಿದೆ, ಅದರ ಮೇಲೆ ಅಡ್ಡಕ್ಕೊಂದು ಗೆರೆ. ಮರಗೆಲಸದಲ್ಲಿ ಅಪ್ಪನ ಹೆಬ್ಬೆರಳಿಗೆ ಉಳಿ ತಾಗಿತ್ತಲ್ಲ, ಆ ಗಾಯ ಹೀಗೇ ಅಡ್ಡಕ್ಕಿತ್ತಾ? ಎಷ್ಟು ಯೋಚಿಸಿದ್ರೂ ನನಗೆ ನೆನಪಾಗ್ತಿಲ್ಲ. ನಿನಗೆ ಗೊತ್ತಿರುತ್ತೆ. ಭೂತಗನ್ನಡಿ ಪಕ್ಕದಲ್ಲೇ ಇಟ್ಟಿದ್ದೀನಿ, ನಿಧಾನವಾಗಿ ನೋಡು. ಅಭ್ಯಾಸಬಲದಿಂದ ಬಟ್ಟೆಯಲ್ಲಿ ಒರೆಸಿಬಿಟ್ಟೀಯ, ಹುಷಾರು.

ಆಸ್ಪತ್ರೆ ಡ್ಯೂಟಿಗೆ ಹೊರಟೆ, ಸಂಜೆ ಬರ್ತೀನಿ. ಬಂದಮೇಲೆ ಏನು ಬೇಕಾದ್ರೂ ಕೇಳು. ಉಳಿದ ನಾಲ್ಕರ ಮೇಲೂ ಆ ಬೆರಳಿತ್ತಾ ಅಂತ ಮಾತ್ರ ಕೇಳಬೇಡ.