ಖಂಡೇಪೂಜೆಯ ದಿನದ ಲಿಫ್ಟು

ವಿಜಯಪುರ
೨-೧೦-೨೦೨೫, ವಿಜಯದಶಮಿ

ಪ್ರೀತಿಯ ಅವ್ವಾ,

ನನ್ನ ಅಕ್ಷರ ಸೊಟ್ಟ, ತಪ್ಪೂ ಬಹಳ. ಓದಿ ಹೇಳುವ ವಿಜಯಲಕ್ಷ್ಮೀ ಅಕ್ಕ ನಗಬಾರದು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನೀನೂ "ನೋಡೂಣಪಾ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಮೊಣಕಾಲು ನೋವು ಹೇಗಿದೆ? ಕಾಖಂಡಕಿಯಲ್ಲಿ ಮಳೆ ನಿಂತಿತೇ?

ಈ ಹಿರಿಯರ ವಸತಿಯಲ್ಲಿ ಕರೆಂಟು ಇನ್ನೂ ಹಾಗೇ ಹೋಗಿ ಬರುತ್ತದೆ. ಹೋದಾಗ ಜನರೇಟರ್ ಹಚ್ಚಿ ಲಿಫ್ಟು ನಡೆಸುವುದು ನನ್ನ ಕೆಲಸ. ಹೋದ ಸಲ ನೀನು ಬಂದಾಗ ಕರೆಂಟು ಇರಲಿಲ್ಲ, ಜನರೇಟರೂ ಕೆಟ್ಟಿತ್ತು. ನನ್ನ ಕೋಣೆ ಮಾಳಿಗೆಯ ಮೇಲೆ. ನೀನು ನಡುವಿನ ಮೆಟ್ಟಿಲಲ್ಲೇ ಕುಳಿತು, ಬುತ್ತಿ ನನ್ನ ಕೈಗೆ ಕೊಟ್ಟು, ಅಲ್ಲಿಂದಲೇ ತಿರುಗಿ ಹೋದೆ. ಕೋಣೆಯನ್ನು ನೀನು ಇನ್ನೂ ನೋಡಿಲ್ಲ. ಸಂಜೆ ಅಲ್ಲಿಂದ ಗೋಳಗುಮ್ಮಟ ಕಾಣುತ್ತದೆ. ತೋರಿಸಲು ಯಾರೂ ಇಲ್ಲ.

ಜನರೇಟರ್ ಈಗ ರಿಪೇರಿಯಾಗಿದೆ. ನಿನ್ನೆ ಖಂಡೇಪೂಜೆಗೆ ಇಲ್ಲಿಯ ಹಿರಿಯರು ಸದಾಶಿವ ಕಾಕಾ ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, "ನಾಳಿ ತನಕಾ ಯಾರೂ ಮುಟ್ಟಬ್ಯಾಡ್ರಿ, ಅದಕ್ಕೂ ಒಂದಿನಾ ಸೂಟಿ" ಎಂದರು. ನೀನೂ ಪೂಜೆಯಾದ ಕುಡಗೋಲನ್ನು ಮುಟ್ಟಗೊಡುತ್ತಿರಲಿಲ್ಲವಲ್ಲ. ಮಧ್ಯಾಹ್ನ ಕರೆಂಟು ಹೋಯಿತು. ಊಟಕ್ಕೆ ಇಳಿದಿದ್ದ ಮೂರನೆಯ ಮಹಡಿಯ ಸರಸ್ವತೀಬಾಯಿ ಕೆಳಗೇ ಉಳಿದರು. ಅವರ ಮೊಣಕಾಲೂ ನಿನ್ನಂಥವೇ. ಕೊನೆಗೆ ಅವರೇ, "ಹಚ್ಚೋ ಅಮೋಘಿ. ದೇವಿ ಸಿಟ್ಟಾದ್ರ ನನ್ನ ಹೆಸರ ಹೇಳು. ಜನ್ಮಾ ಪೂರ್ತಿ ಆಕಿ ಪೂಜಿ ಮಾಡೀನಿ, ಇಷ್ಟರೆ ತಡ್ಕೋತಾಳ" ಎಂದರು. ಕಾಕಾ, "ನನಗಂತೂ ಏನೂ ಕಾಣಸಂಗಿಲ್ಲಪಾ" ಎಂದು ಕನ್ನಡಕ ತೆಗೆದು ಕಿಸೆಯಲ್ಲಿಟ್ಟುಕೊಂಡರು. ನಾನು ಕೈ ಮುಗಿದೆ. ಆಮೇಲೆ ಮಾಲೆ ಸರಿಸಿ ಚಾಲು ಮಾಡಿದೆ. ಲಿಫ್ಟು ಅವರನ್ನು ಮೇಲೆ ಒಯ್ಯುವಾಗ ನಿನ್ನನ್ನೇ ಒಯ್ದ ಹಾಗಾಯಿತು.

ಇಂದು ಇಲ್ಲಿಯವರ ಮಕ್ಕಳು ಮೊಮ್ಮಕ್ಕಳು ಬನ್ನಿ ಕೊಡಲು ಬಂದಿದ್ದಾರೆ. ಲಿಫ್ಟು ಬಿಡುವಿಲ್ಲದೆ ಏರಿ ಇಳಿಯುತ್ತಿದೆ. ನಿನ್ನ ಬನ್ನಿ ಎಲೆ ಈ ಲಕೋಟೆಯಲ್ಲಿದೆ. ತಗೋ ಅವ್ವಾ, ಬಂಗಾರದಂಗ ಇರೂಣು. ಇಲ್ಲಿಂದಲೇ ನಿನ್ನ ಕಾಲಿಗೆ ಬಿದ್ದಿದ್ದೇನೆ.

ನಿನ್ನ
ಅಮೋಘಿ

ಮತ್ತೆ: ಹೇಳಬೇಕಾದದ್ದೇ ಉಳಿಯಿತು. ದೀಪಾವಳಿಗೆ ಬಾ. ಲಿಫ್ಟು ಮಾಳಿಗೆಯ ತನಕ ಬರುತ್ತದೆ. ನಡುವೆ ಕರೆಂಟು ಹೋದರೆ ನಿಂತು ಕತ್ತಲಾಗುತ್ತದೆ, ಹೆದರಬೇಡ; ನಾನು ನಿನ್ನ ಜೊತೆ ಹತ್ತುವುದಿಲ್ಲ, ಕೆಳಗೆ ಜನರೇಟರ್ ಹತ್ತಿರವೇ ನಿಂತಿರುತ್ತೇನೆ. ನೀನು ಕುಳಿತುಕೊಳ್ಳಲೆಂದು ಬೆಳಿಗ್ಗೆ ಲಿಫ್ಟಿನ ಮೂಲೆಯಲ್ಲಿ ಒಂದು ಸ್ಟೂಲು ಇಟ್ಟಿದ್ದೇನೆ.