ಬೆಟ್ಟದ ಫಾರ್ಮಿನ ಕಡತಕ್ಕೆ ಬರೆದ ಎರಡು ಸಾಲು

ಮೇ 7, 2024, ಮಂಗಳವಾರ

ಅನುಮಾನದ ದೇಣಿಗೆಗಳ ಮೇಲೆ ಇಂದು ಹದಿನಾಲ್ಕು ಅಲರ್ಟ್. ಹನ್ನೊಂದು ಮುಚ್ಚಿದೆ. ಉಳಿದ ಮೂರೂ ಒಂದೇ ಬಗೆಯವು — ವೆಸ್ಟ್ ಬ್ಯಾಂಕಿನ ಗುಡ್ಡಗಳ ಮೇಲೆ ಇಸ್ರೇಲ್ ಸರ್ಕಾರದ ಅನುಮತಿಯೂ ಇಲ್ಲದೆ ಎದ್ದ ನೆಲೆಗಳಿಗೆ ಇಲ್ಲಿಂದ ಹೋಗುವ ದೇಣಿಗೆ. ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನ ನಿರ್ಬಂಧದ ಆದೇಶ ಬಂದ ಮೇಲೆ ನಮ್ಮಂಥ ದೇಣಿಗೆ ವೆಬ್‌ಸೈಟುಗಳಿಗೆ ಇದೊಂದು ಹೊಸ ಕೆಲಸ. ನಿರ್ಬಂಧಿತರ ಪಟ್ಟಿಯಲ್ಲಿ ಹೆಸರಿದ್ದರೆ ದೇಣಿಗೆ ತಡೆಯಬೇಕು. ಹೆಸರಿಲ್ಲದೆ ಅನುಮಾನ ಮಾತ್ರ ಇದ್ದರೆ ಯೋಚಿಸಿ ಎನ್ನುತ್ತಾರೆ. ಯೋಚಿಸಿಯೇ ಸುಸ್ತು.

ಸಾಲೆಹಾ ಪರಿಶೀಲಿಸಿ ಶಿಫಾರಸು ಬರೆಯುತ್ತಾಳೆ. ನಾನು ಎರಡನೆಯ ಸಹಿ. ಸಬ್ಮಿಟ್ ಒತ್ತಿದ ಮೇಲೆ ಟಿಪ್ಪಣಿ ಅಳಿಸಲು ಇಬ್ಬರಿಗೂ ಆಗುವುದಿಲ್ಲ.

ಇವತ್ತು ಕಾರು ನನ್ನದು. ಮನೆಯಿರುವ ಸುವಾನಿಯಿಂದ ಆಫೀಸಿರುವ ಆಲ್ಫರೆಟ್ಟಾಗೆ ಐವತ್ತು ನಿಮಿಷ. ಮೆಕ್‌ಗಿನ್ನಿಸ್ ಫೆರಿ ರಸ್ತೆಯಲ್ಲಿ ಮುಂದಿನವನು ಸಿಗ್ನಲ್ ಹಸಿರಾದರೂ ಫೋನ್ ನೋಡುತ್ತ ಕೂತಿದ್ದ. ನಾನೂ ಕಾದೆ. ಪಕ್ಕದ ಸೀಟಿನಲ್ಲಿ ಸಾಲೆಹಾ.

“ಹಾರ್ನ್ ಹೊಡಿಯೇ.”

“ಪಾಪ, ನೋಡ್ತಾನೆ ಬಿಡು.”

“ಸರಸ್ವತೀಪುರಂನೋರು ಹಾರ್ನ್ ಹೊಡೆಯೋಕೂ ಅರ್ಜಿ ಹಾಕ್ತೀರ. ನಮ್ಮ ಮಂಡಿ ಮೊಹಲ್ಲಾಗೆ ಬಂದಿದ್ರೆ ಅಲ್ಲೇ ನಿಂತಿರ್ತಿದ್ದೆ ನೀನು, ಇವತ್ತಿಗೂ.”

ಒಂದೇ ಊರು, ಇಲ್ಲಿ ಬಂದು ಪರಿಚಯ. ಆರು ವರ್ಷದ ಕಾರ್‌ಪೂಲ್.

ಮೇ 9, ಗುರುವಾರ

ಅವಳ ಕಾರು. ರೇಡಿಯೋದಲ್ಲಿ ವೆಸ್ಟ್ ಬ್ಯಾಂಕಿನದೇ ಸುದ್ದಿ. ಆಫ್ ಮಾಡಿದಳು. “ಆಗಲ್ಲ ಕಣೇ, ಬೆಳಗ್ಗೆ ಬೆಳಗ್ಗೆ.” ಸಿಗ್ನಲ್ಲಿನಲ್ಲಿ ನಿಂತಾಗ ಕಣ್ಣು ಒರೆಸಿಕೊಂಡಳು. ಕನ್ನಡಿ ಬಗ್ಗಿಸಿ ಕಾಡಿಗೆ ಸರಿ ಮಾಡಿಕೊಂಡಳು.

“ಆಫೀಸಲ್ಲಿ ಹೇಳ್ಬೇಡ. ಆ ಕೇಸುಗಳೆಲ್ಲ ನನ್ ಟೇಬಲ್ ಮೇಲಿವೆ. ನನ್ ಹೆಸರು ನೋಡಿದ್ರೇ ಸಾಕು ಅವ್ರಿಗೆ.”

“ಯಾರಿಗ್ ಹೇಳ್ಲಿ” ಅಂದೆ.

ಮೇ 21, ಮಂಗಳವಾರ

ಆ ನೆಲೆಯ ಹೆಸರು ಇಲ್ಲೂ ಬರೆಯಬಾರದು. ಬೆಟ್ಟದ ಫಾರ್ಮ್ ಎನ್ನೋಣ. ‘ಮಕ್ಕಳಿಗೆ ಆಟದ ಮೈದಾನ’ ಎಂದು ಅಭಿಯಾನ. ಹೆಸರು ಪಟ್ಟಿಯಲ್ಲಿಲ್ಲ.

ಸಾಲೆಹಾಳ ಶಿಫಾರಸು ನಾಲ್ಕು ಪುಟ. ಉಪಗ್ರಹ ಚಿತ್ರಗಳು — 2021ರಲ್ಲಿ ಬೋಳು ಗುಡ್ಡ, ಆಮೇಲೆ ಎರಡು ಕ್ಯಾರವಾನ್ ಎಂಬ ಗಾಲಿಮನೆ, ಕುರಿದೊಡ್ಡಿ, ಮಣ್ಣಿನ ರಸ್ತೆ. ಅಲ್ಲಿನ ಸರ್ಕಾರವೇ ಹೊರಡಿಸಿದ ತೆರವು ಆದೇಶದ ಪ್ರತಿ. ಸೇನೆ ಎರಡು ಸಲ ಕಿತ್ತಿದೆ, ಎರಡು ಸಲವೂ ಮತ್ತೆ ಎದ್ದಿದೆ. ಕೆಳಗಿದ್ದ ಪ್ಯಾಲೆಸ್ತೀನಿ ಕುರಿಗಾಹಿಗಳ ಹಟ್ಟಿ ಮೊದಲ ಚಿತ್ರದಲ್ಲಿದೆ, ಕೊನೆಯದರಲ್ಲಿ ಇಲ್ಲ. ಕೊನೆಗೆ ಅವಳದೊಂದು ಸಾಲು: ‘ಎಲ್ಲೂ ಜಾರುಬಂಡೆ ಕಾಣಲಿಲ್ಲ, ಜನರೇಟರ್ ಕಂಡಿತು.’

ಒಳ್ಳೆಯ ಕೆಲಸ. ಆದರೂ ಚಿತ್ರ ಪುರಾವೆಯೇ? ಹನ್ನೊಂದಕ್ಕೆ ಸೌರಭ್ ಕರೆ ಮಾಡಿದ. ನನಗಿಂತ ಎಂಟು ವರ್ಷ ಚಿಕ್ಕವನು, ನಮ್ಮ ಮ್ಯಾನೇಜರ್. ಬೆಳಗಾವಿಯವನು.

“ಜಯಾ ಮೇಡಂ, ಅವ್ರ ಲಾಯರ್ ಲೆಟರ್ ಕಳಿಸ್ಯಾರ. ಪಕ್ಕಾ ಇದ್ರಷ್ಟ ಹಿಡೀರಿ. ಇಲ್ಲಾಂದ್ರ ಬಿಟ್ಟುಬಿಡ್ರಿ. ಮ್ಯಾಲಿನವ್ರು ನನ್ನ ತಲಿ ತಿನ್ನಾಕತ್ತಾರ.”

ಎರಡು ಸಾಲು ಬರೆದೆ. ಪುರಾವೆ ಸಾಲದು. ಮೊದಲ ಪರಿಶೀಲಕರಿಗೆ ಈ ಪ್ರದೇಶದ ಬಗ್ಗೆ ವೈಯಕ್ತಿಕ ಭಾವನೆಗಳಿರುವ ಸಾಧ್ಯತೆ ಇದೆ.

ಇಂಗ್ಲಿಷಿನಲ್ಲಿ ಇನ್ನೂ ಸಭ್ಯವಾಗಿತ್ತು. ಸಬ್ಮಿಟ್. ದೇಣಿಗೆ ಬಿಡುಗಡೆ.

ಮೇ 22, ಬುಧವಾರ

ಮೊದಲ ಸಾಲು ಸಾಕಿತ್ತು. ಎರಡನೆಯದು ಯಾಕೆ? ಲಾಯರ್ ಪತ್ರಕ್ಕೆ ಹೆದರಿದ್ದು ನಾನು. ನನ್ನ ಹೆದರಿಕೆಗೆ ಒಂದು ಕಾರಣ ಬೇಕಿತ್ತು, ಕೈಗೆ ಸಿಕ್ಕಿದ್ದು ಅವಳ ಕಣ್ಣೀರು. ಶಿಫಾರಸು ಬರೆದವನು ಸೌರಭ್ ಆಗಿದ್ದರೆ ಆ ಸಾಲು ಬರೆಯುತ್ತಿದ್ದೆನೇ?

ಇವತ್ತು ವರ್ಕ್ ಫ್ರಮ್ ಹೋಮ್. ಅವಳ ಮುಖ ನೋಡಬೇಕಾಗಿಲ್ಲ.

ಸೆಪ್ಟೆಂಬರ್ 3, ಮಂಗಳವಾರ

ಕಳೆದ ವಾರ ಬೆಟ್ಟದ ಫಾರ್ಮಿನ ಹೆಸರು ಪಟ್ಟಿಗೆ ಬಂತು. ನಾವು ಬಿಟ್ಟ ದೇಣಿಗೆ ಜೂನ್‌ನಲ್ಲೇ ತಲುಪಿದೆ. ಹೊಸ ಚಿತ್ರದಲ್ಲಿ ಮೂರನೆಯ ಕ್ಯಾರವಾನ್, ಸುತ್ತ ಬೇಲಿ. ಜುಲೈಯಲ್ಲಿ ಸೇನೆ ಬಂದು ಒಂದನ್ನು ಎತ್ತಿಕೊಂಡು ಹೋಯಿತಂತೆ. ಎಂಟು ದಿನಕ್ಕೆ ಅದೇ ಜಾಗದಲ್ಲಿ ಇನ್ನೊಂದು. ಅವರು ಕೀಳುವುದು, ಇವರು ನೆಡುವುದು, ಇಲ್ಲಿಂದ ನಾವು ಡೀಸೆಲ್ ಕಳಿಸುವುದು.

ಅವಳ ಕಾರು. ಪೀಚ್‌ಟ್ರೀ ಪಾರ್ಕ್‌ವೇ ದಾಟಿದ ಮೇಲೆ ಹೇಳಿದಳು.

“ಆಡಿಟ್‌ಗೆ ಅಂತ ಆ ಫೈಲ್ ತೆಗೆದೆ.”

ನನಗೆ ಗೊತ್ತಾಯಿತು.

“ನನ್ನನ್ನೇ ಕೇಳ್ಬೋದಿತ್ತು ಜಯಾ ನೀವು.”

ನೀವು.

“ಸಾಲೆಹಾ, ಅದು ಹಾಗಲ್ಲ...”

“ಆವತ್ತು ಸಿಗ್ನಲ್ ಹತ್ರ ಅತ್ತುಬಿಟ್ಟೆ ನೋಡಿ, ಅದೊಂದ್ ತಪ್ಪು ನಂದು. ಗುರುವಾರದಿಂದ ಬೇಗ ಹೊರಡ್ತೀನಿ. ಲೈಬಾಗೆ ಬೆಳಗ್ಗೆ ಸ್ವಿಮ್ ಪ್ರಾಕ್ಟೀಸ್.”

ಲೈಬಾ ಅವಳ ಮಗಳು. ನನ್ನ ಮಗಳು ಮಾನ್ಯಾ ಅದೇ ಟೀಮಿನಲ್ಲಿದ್ದಾಳೆ. ಪ್ರಾಕ್ಟೀಸ್ ಸಂಜೆ.

ಸೆಪ್ಟೆಂಬರ್ 4, ಬುಧವಾರ

ಅಳಿಸಲಾಗದಿದ್ದರೂ ಮೂರನೆಯ ಸಾಲು ಸೇರಿಸಬಹುದು. ನನ್ನ ತೀರ್ಮಾನ ತಪ್ಪು, ಪರಿಶೀಲಕರ ಬಗ್ಗೆ ಬರೆದದ್ದಕ್ಕೆ ಆಧಾರವಿಲ್ಲ. ಕಡತ ತೆರೆದೆ. ಟೈಪ್ ಮಾಡಿದೆ. ಆಡಿಟ್ ನಡೆಯುತ್ತಿದೆ. ಗಂಡ ಶಶಿಕಾಂತ್ ಕೆಲಸ ಕಳೆದುಕೊಂಡು ಮೂರು ತಿಂಗಳು. ಈಗ ಅವನ ವೀಸಾ, ಮಗಳ ಶಾಲೆ, ಎಲ್ಲಾ ನನ್ನ ನೌಕರಿಯ ಮೇಲೆ.

ಅಳಿಸಿದೆ. ಸಬ್ಮಿಟ್ ಒತ್ತುವ ಮುಂಚೆ ಅಳಿಸಬಹುದು.

ಆಡಿಟ್ ಮುಗಿಯಲಿ.

ಅಕ್ಟೋಬರ್ 17, ಗುರುವಾರ

ಆಡಿಟ್ ಮುಗಿದು ಹತ್ತು ದಿನ. ಬರೆದಿಲ್ಲ.

ಆಫೀಸಿನಲ್ಲಿ ಗುಡ್ ಮಾರ್ನಿಂಗ್ ಇದೆ. ಶಿಫಾರಸುಗಳು ಬರುತ್ತಿವೆ. ಈಗ ಒಂದೊಂದೂ ಏಳೆಂಟು ಪುಟ. ಪ್ರತಿ ವಾಕ್ಯಕ್ಕೂ ಲಿಂಕ್.

ಮಾನ್ಯಾ ಊಟ ಮಾಡುತ್ತ ಕೇಳಿದಳು. “ಅಮ್ಮಾ, ಸಾಲೆಹಾ ಆಂಟಿ ಯಾಕೆ ಬರಲ್ಲ? ಡಿಡ್ ಯೂ ಗೈಸ್ ಫೈಟ್?”

“ಇಲ್ಲಮ್ಮ. ಟೈಮ್ ಆಗಲ್ಲ ಅವ್ರಿಗೆ.”

“ಲೈಬಾ ಸೇಸ್ ನೀನು ಏನೋ ಬರೆದೆ. ಅಬೌಟ್ ಹರ್ ಮಾಮ್.”

ಸಾರು ಬಡಿಸಿದೆ.

ಜನವರಿ 21, 2025, ಮಂಗಳವಾರ

ಹಿಮ. ಶಾಲೆ ಇಲ್ಲ, ಆಫೀಸ್ ಇಲ್ಲ. ಮಾನ್ಯಾ ಅಡುಗೆಮನೆಯ ಟ್ರೇ ಹಿಡಿದು ಇಳಿಜಾರಿಗೆ ಹೋಗಿದ್ದಾಳೆ. ನಿನ್ನೆ ಹೊಸ ಸರ್ಕಾರ ಬಂತು, ಕಳೆದ ಫೆಬ್ರವರಿಯ ಆದೇಶ ರದ್ದಾಯಿತು.

ಸೌರಭ್ ಮೆಸೇಜು: ‘ಹೋಲ್ಡ್ ಎಲ್ಲಾ ಬಿಚ್ಚೋದು ಬರ್ತೈತಿ. ರೆಡಿ ಇರ್ರಿ.’

ಜನವರಿ 28, ಮಂಗಳವಾರ

ತಡೆಹಿಡಿದ ದೇಣಿಗೆಗಳು, ಮೂವತ್ತೊಂದು ಹೋಲ್ಡ್. ಹಿಡಿಯುವಾಗ ಇದ್ದ ಕ್ರಮವೇ ಬಿಡುವಾಗಲೂ — ಮೊದಲು ಅವಳು, ಆಮೇಲೆ ನಾನು. ಎಲ್ಲಕ್ಕೂ ಅವಳದು ಒಂದೇ ಸಾಲು: ‘ಅನ್ವಯಿಸುವ ಆದೇಶ ಈಗ ಇಲ್ಲ.’ ವರ್ಷದ ಕೆಲಸ, ಊಟದ ಹೊತ್ತಿಗೆ ಮುಗಿಯಿತು. ಹದಿನಾರನೆಯದು ಬೆಟ್ಟದ ಫಾರ್ಮ್, ಪಟ್ಟಿಗೆ ಬಂದ ಮೇಲೆ ತಡೆದದ್ದು. ಒತ್ತಿದೆ. ಮೂರು ಗಂಟೆಗೆ ಅವರ ಹೊಸ ಅಭಿಯಾನ ಬಂದಿತ್ತು. ಈ ಸಲ ಆಟದ ಮೈದಾನದ ಮಾತಿಲ್ಲ. ಕ್ಯಾರವಾನ್ ಎಂದೇ ಬರೆದಿದ್ದಾರೆ.

ಪಾರ್ಕಿಂಗಿನಲ್ಲಿ ಅವಳು ಸಿಕ್ಕಳು. ಕಾರಿನ ಗಾಜು ಒರೆಸುತ್ತಿದ್ದಳು.

“ಸಾಕಾಯ್ತು ಅಲ್ವಾ” ಅಂದೆ.

“ನಿಮಗ್ಯಾಕೆ ಸಾಕಾಗ್ಬೇಕು?” ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳಿದಂತಿತ್ತು.

ಜನವರಿ 30, ಗುರುವಾರ, ಮಧ್ಯಾಹ್ನ 2.15

ಸೌರಭ್ ರೂಮಿಗೆ ಕರೆದ. ಬಾಗಿಲು ಹಾಕಿದ.

“ಕೆಲಸ ಕಮ್ಮಿ ಆತಲ್ರಿ. ಐದು ಮಂದಿ ಇದ್ದದ್ದು ನಾಕು ಆಗ್ಬೇಕಂತ. ಸೋಮವಾರ ಹೇಳ್ತಾರ.”

“ಯಾರು?”

“ಸಾಲೆಹಾ ಅವ್ರು. ಕಾರಣ ಹುಡುಕೋದೂ ಬೇಕಾಗಿಲ್ಲ. ಫೈಲಿನ್ಯಾಗ ನಿಮ್ಮ ಕಾಮೆಂಟ್ ಐತಲ್ಲ, ವೈಯಕ್ತಿಕ ಭಾವನೆ ಅಂತ. ಎಚ್‌ಆರ್‌ಗೆ ಅಷ್ಟ ಸಾಕು. ನೀವೇನೂ ಬರೀಬ್ಯಾಡ್ರಿ.”

“ಆ ಕೇಸಲ್ಲಿ ಸರಿ ಇದ್ದಿದ್ದು ಅವಳು, ಸೌರಭ್.”

“ಆವಾಗ ಸರಿ, ಮೇಡಂ. ಈಗ ಆ ಪಟ್ಟಿನ ಇಲ್ಲಲ್ಲ.” ಲ್ಯಾಪ್‌ಟಾಪ್ ಮುಚ್ಚಿ, “ಸುಮ್ನಿರ್ರಿ. ನಿಮ್ಮನಿಯವ್ರಿಗೂ ಕೆಲಸ ಇಲ್ಲ ಈಗ.”

ಅವಳದೂ ನನ್ನಂತೆ ಎಚ್-ಒನ್ ವೀಸಾ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಅರವತ್ತು ದಿನ, ಇಲ್ಲವಾದರೆ ದೇಶ ಬಿಡಬೇಕು. ಲೈಬಾ ಹನ್ನೊಂದನೆಯ ಕ್ಲಾಸು.

ಡೆಸ್ಕಿಗೆ ಬಂದು ಕಡತ ತೆರೆದೆ. ಮೂರನೆಯ ಸಾಲು ಬರೆಯಬೇಕಾದ ಚೌಕ ಬೂದು ಬಣ್ಣಕ್ಕೆ ತಿರುಗಿದೆ. ಆರ್ಕೈವ್ ಮಾಡಿದ್ದಾರೆ, ಇನ್ನು ಏನೂ ಸೇರಿಸಲಾಗದು. ಸೆಪ್ಟೆಂಬರ್‌ನಿಂದ ಐದು ತಿಂಗಳು ತೆರೆದಿತ್ತು.

ಜನವರಿ 31, ಶುಕ್ರವಾರ, ಬೆಳಗ್ಗೆ 7.10

ಉಳಿದಿರುವುದು ಇಮೇಲ್. ಮೊದಲು ಇಲ್ಲಿ ಬರೆಯುತ್ತೇನೆ, ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಅಡಗಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತದೆ. ಕಾನ್ವೆಂಟಿನಲ್ಲಿ ಕಲಿಸಿದ್ದು ಅದೇ ಇರಬೇಕು.

ಮೇ 21ರ ಕಡತದಲ್ಲಿ ಸಾಲೆಹಾ ಬರೆದದ್ದರಲ್ಲಿ ತಪ್ಪಿರಲಿಲ್ಲ. ದೇಣಿಗೆ ಬಿಟ್ಟವಳು ನಾನು. ಲಾಯರ್ ಪತ್ರಕ್ಕೆ ಹೆದರಿ ಬಿಟ್ಟೆ. ಅವಳ ಬಗ್ಗೆ ಬರೆದ ಸಾಲಿಗೆ ಅವಳ ಕೆಲಸದಲ್ಲಿ ಯಾವ ಆಧಾರವೂ ಇರಲಿಲ್ಲ. ಸ್ನೇಹಿತೆಯಾಗಿ ನನ್ನ ಹತ್ತಿರ ಹೇಳಿಕೊಂಡ ದುಃಖವನ್ನು ಅವಳ ವಿರುದ್ಧ ಬಳಸಿದೆ. ಸೆಪ್ಟೆಂಬರ್‌ನಲ್ಲೇ ಇದನ್ನು ತಿದ್ದಬಹುದಿತ್ತು. ತಿದ್ದಲಿಲ್ಲ.

ಶಶಿಗೆ ಓದಿ ಹೇಳಿದೆ. ಕಾಫಿ ಲೋಟ ಕೆಳಗಿಟ್ಟ. “ಇವತ್ತೇ ಕಳಿಸ್ಬೇಕಾ?”

“ಸೋಮವಾರ ಹೇಳ್ತಾರಂತೆ.”

“ಹ್ಞೂಂ” ಎಂದು ಎದ್ದು ಮಾನ್ಯಾಳ ಡಬ್ಬಿ ಕಟ್ಟಲು ಹೋದ.

8.04

ಕಳಿಸಿದೆ. ಸೌರಭ್, ಎಚ್‌ಆರ್. ಸಾಲೆಹಾಗೂ ಪ್ರತಿ.

8.20

ಸೌರಭ್ ಕರೆ. ಎತ್ತಲಿಲ್ಲ. ಮತ್ತೆ ಕರೆ. ಎತ್ತಿದರೆ ಮೃದುವಾಗಿ ಮಾತಾಡುತ್ತಾನೆ, ವಾಪಸ್ ತಗೊಳ್ರಿ ಎನ್ನುತ್ತಾನೆ, ಅವಸರದಲ್ಲಿ ಬರೆದೆ ಎಂದು ಹೇಳಲು ದಾರಿ ತೋರಿಸುತ್ತಾನೆ. ನನ್ನನ್ನು ನಾನು ಬಲ್ಲೆ. ಎತ್ತುವ ಮೊದಲು ಪೆನ್ನಿನಲ್ಲಿ ಇಷ್ಟು ಬರೆದಿಡಬೇಕು — ಅವಸರದಲ್ಲಿ ಬರೆದದ್ದಲ್ಲ, ಯಾರೂ ಬರೆಸಿದ್ದಲ್ಲ, ಮತ್ತು ವಾಪಸ್ ತೆಗೆದುಕೊಳ್ಳುವುದಿಲ್ಲ.